ಗುಂಡಿ ತೋಡಿದವಳ ಹೆಸರಿಗೆ ಕಾಲಂ ಇಲ್ಲ

ಉದ್ದದ ಪೋಸ್ಟು, ಪುರುಸೊತ್ತು ಮಾಡಿಕೊಂಡು ಓದಿ.

ಕಳೆದ ವಾರ ಟೀ ಕುಡಿಯುವಾಗ ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರು ನಗುನಗುತ್ತಲೇ ಅಂದರು: "ಏನ್ ಸಾರ್, ಬೇರು ತಿನ್ನೋ ಹುಳದಲ್ಲೂ ಜಾತಿ ಹುಡುಕ್ತೀರಂತೆ?" ಸುತ್ತ ಇದ್ದವರೂ ನಕ್ಕರು. ನಾನೂ ನಕ್ಕೆ. ಇಷ್ಟು ವರ್ಷದ ಗುಮಾಸ್ತಗಿರಿ ಕಲಿಸಿರೋದು ಅದನ್ನೇ, ನಗು ಬರದಿದ್ದರೂ ನಗೋದು. ಅಲ್ಲಿ ಉತ್ತರ ಕೊಡಲಿಲ್ಲ. ಇಲ್ಲಿ ಕೊಡ್ತೀನಿ.

ಸ್ವಾಮಿ, ಹುಳಕ್ಕೆ ಜಾತಿ ಇಲ್ಲ. ಹುಳ ಎಣಿಸೋ ಕೆಲಸಕ್ಕೆ ಇದೆ.

ಪೇಟೆ ಗೆಳೆಯರಿಗಾಗಿ ಮೊದಲು ಹುಳದ ವಿಚಾರ ಹೇಳಿಬಿಡ್ತೀನಿ. ನಮ್ಮ ಕಡೆ ಅದಕ್ಕೆ ಗೊಣ್ಣೆ ಹುಳ ಅಂತಾರೆ, ಬೇರು ಹುಳ ಅಂತಲೂ ಅಂತಾರೆ. ಬೆಳ್ಳಗೆ, ದಪ್ಪಗೆ, ಕೊಕ್ಕೆ ಥರ ಬಾಗಿಕೊಂಡು ಮಣ್ಣಿನೊಳಗೆ ಇರುತ್ತೆ. ಕಬ್ಬು, ಕಡಲೆಕಾಯಿ, ರಾಗಿ, ಅಡಿಕೆ, ಯಾವ ಬೇರೂ ಬಿಡಲ್ಲ. ಮುಂಗಾರಿಗೆ ಮೊದಲಿನ ಮಳೆ ಬಿದ್ದ ಸಂಜೆ ದುಂಬಿಗಳು ಮಣ್ಣಿಂದ ಎದ್ದು ಬೇವಿನ ಮರ, ಜಾಲಿ ಮರಕ್ಕೆ ಹೋಗ್ತವೆ. ರಾತ್ರಿ ಎಲೆ ತಿಂದು, ಜೋಡಿಯಾಗಿ, ಬೆಳಗಾಗುವಷ್ಟರಲ್ಲಿ ಮತ್ತೆ ಮಣ್ಣಿಗೆ ಇಳಿದು ಮೊಟ್ಟೆ ಇಡ್ತವೆ. ಮೊಟ್ಟೆಯಿಂದ ಬಂದ ಮರಿ ಮೂರು ಹಂತದಲ್ಲಿ ಬೆಳೆಯುತ್ತೆ. ಮೂರನೇ ಹಂತದ ಹುಳ ರಾಕ್ಷಸ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಅದರ ಊಟದ ಕಾಲ. ಮೇಲೆ ನೋಡಿದರೆ ಕಬ್ಬು ಹಳದಿಯಾಗಿ ಒಣಗ್ತಿದೆ, ನೀರು ಸಾಲದೇನೋ ಅನ್ನಿಸುತ್ತೆ. ಹಿಡಿದು ಎಳೆದರೆ ಇಡೀ ಬುಡವೇ ಕೈಗೆ ಬರುತ್ತೆ, ಬೇರೇ ಇರಲ್ಲ. ಆಮೇಲೆ ಹುಳ ಆಳಕ್ಕೆ ಇಳಿದು, ಮಣ್ಣಲ್ಲೇ ಗೂಡು ಮಾಡಿಕೊಂಡು ಕೋಶವಾಗುತ್ತೆ, ದುಂಬಿಯಾಗುತ್ತೆ, ಮುಂದಿನ ಮಳೆಗೆ ಕಾಯುತ್ತೆ.

ಕಣ್ಣಿಗೆ ಕಾಣದ ಶತ್ರು ಇದು, ಅದಕ್ಕೇ ಸರ್ವೆ ಬೇಕು. ಹೊಲದಲ್ಲಿ ಅಡ್ಡಾದಿಡ್ಡಿ ನಡೆದು ಅಲ್ಲಲ್ಲಿ ಅಳತೆಯ ಗುಂಡಿ ತೋಡಬೇಕು. ಮಣ್ಣನ್ನು ಜರಡಿ ಹಿಡಿದೋ ಕೈಯಲ್ಲಿ ಪುಡಿ ಮಾಡಿಯೋ ಹುಳ ಹುಡುಕಬೇಕು. ಎಷ್ಟು ಸಿಕ್ಕವು, ಯಾವ ಹಂತದವು, ಯಾವ ಜಾತಿಯವು ಅಂತ ಬರೆಯಬೇಕು. (ಇಲ್ಲಿ ಜಾತಿ ಅಂದ್ರೆ ಹುಳದ ಜಾತಿ, ಸಹೋದ್ಯೋಗಿಗಳು ಗಾಬರಿಯಾಗಬಾರದು.) ದೇಶದ ಮಟ್ಟದಲ್ಲಿ ಮಣ್ಣಿನ ಕೀಟಗಳಿಗೆಂದೇ ಅಖಿಲ ಭಾರತ ಜಾಲ ಯೋಜನೆ ಇದೆ. ಬೆಂಗಳೂರಿನ ಜಿಕೆವಿಕೆಯಲ್ಲಿ ಈ ಹುಳಗಳ ಮೇಲೆ ದಶಕಗಳ ಕೆಲಸ ನಡೆದಿದೆ. ಆ ವಿಜ್ಞಾನಿಗಳ ಮೇಲೆ ನನಗೆ ಗೌರವ ಇದೆ. ನನ್ನ ಜಗಳ ವಿಜ್ಞಾನದ ಜೊತೆ ಅಲ್ಲ. ವಿಜ್ಞಾನ ನಮ್ಮ ಊರಿನ ಹೊಲಕ್ಕೆ ಬಂದಾಗ ಯಾರ ಮನೆ ಜಗಲಿ ಮೇಲೆ ಕೂರುತ್ತೆ, ಯಾರ ಕೈಗೆ ಗುದ್ದಲಿ ಕೊಡುತ್ತೆ ಅನ್ನೋದರ ಮೇಲೆ.

ಈಗ ನಡೆದದ್ದು ಹೇಳ್ತೀನಿ. ವರ್ಷ, ಕಚೇರಿ, ಹೋಬಳಿ ಬರೆಯಲ್ಲ. ನೌಕರಿ ಮಾಡೋನು, ಹೊಟ್ಟೆಪಾಡು.

ಆಗಸ್ಟಿನಲ್ಲಿ ಹುಳ ಬಿದ್ದ ಸುದ್ದಿ ಬಂದಿತ್ತು. ಸರ್ವೆಗೆ ತಂಡ ಹೋಗಿದ್ದು ಡಿಸೆಂಬರಿನಲ್ಲಿ. ಯಾಕೆ ಅಂತ ಕೇಳಬೇಡಿ, ಕಡತ ನಡೆಯೋ ವೇಗ ನಿಮಗೆಲ್ಲ ಗೊತ್ತು. ಬರೆದುಕೊಳ್ಳೋಕೆ ಒಬ್ಬ ಬೇಕು ಅಂತ ನನ್ನನ್ನೂ ಜೀಪಿಗೆ ಹತ್ತಿಸಿದರು. ಹೋದ ಊರು ನಮ್ಮ ಚಿಕ್ಕವ್ವನದು. ಪಹಣಿ ನೋಡಿ ಮೂರು ಹೊಲ ಆರಿಸಿದ್ದರು, ಮೂರೂ ಗೌಡರವು. ಗುಂಡಿ ತೋಡೋಕೆ ಅಲ್ಲೇ ಕಬ್ಬಿನ ಸೋಗೆ ಸುಲಿಯುತ್ತಿದ್ದ ನಾಲ್ಕು ಜನ ಹೆಂಗಸರನ್ನು ಕರೆದರು. ಅದರಲ್ಲಿ ಒಬ್ಬಳು ನನ್ನ ಚಿಕ್ಕವ್ವ. ನನ್ನನ್ನು ನೋಡಿದಳು, ಮಾತಾಡಿಸಲಿಲ್ಲ. ಅಧಿಕಾರಿಗಳ ಮುಂದೆ ಮಗನ ಮರ್ಯಾದೆ ಹೋಗಬಾರದು ಅಂತ. ನಾನೂ ಮಾತಾಡಿಸಲಿಲ್ಲ. ಯಾಕೆ ಅನ್ನೋದು ನನಗೂ ಗೊತ್ತು, ನಿಮಗೂ ಗೊತ್ತು.

ಒಂದಡಿ ಅಗಲ, ಒಂದಡಿ ಆಳ. ಮೊದಲ ಗುಂಡೀಲಿ ಏನಿಲ್ಲ. ಎರಡನೇದರಲ್ಲಿ ಇಲ್ಲ. ಐದನೇದರಲ್ಲಿ ಒಂದು ಬಿಳಿ ಹುಳ ಸಿಕ್ತು. ಸಾಹೇಬರು "ಹಾಂ, ಬರ್ಕೊಳ್ರೀ, ಒಂದು" ಅಂದರು. ಚಿಕ್ಕವ್ವ ಅದನ್ನು ಅಂಗೈಯಿಂದ ನೆಲಕ್ಕೆ ಬಿಟ್ಟಳು. ಹುಳ ಮಗುಚಿಕೊಂಡು ಬೆನ್ನ ಮೇಲೆ ತೆವಳೋಕೆ ಶುರು ಮಾಡ್ತು.

"ಬುದ್ಧಿ, ಇದು ಅದಲ್ಲ. ಬೆನ್ನಲ್ಲಿ ನಡೀತದಲ್ಲ, ಇದು ತಿಪ್ಪೆ ಹುಳ. ಗೊಬ್ರದ ಜೊತೆ ಬಂದದೆ, ಬೇರಿಗೆ ಬಾಯಾಕಲ್ಲ. ಬೇರು ತಿನ್ನದು ಆಗ್ಲೇ ಕೆಳಕ್ಕೋಗಿ ಮಲಗದೆ. ಇನ್ನೊಂದು ಮೊಳ ತೋಡುದ್ರೆ ಸಿಕ್ತದೆ."

ಸಾಹೇಬರು ನಕ್ಕರು. ಕೆಟ್ಟ ಮನುಷ್ಯ ಅಲ್ಲ ಅವರು, ಒಳ್ಳೇ ನಗು. ಮಕ್ಕಳು ಏನೋ ಹೇಳಿದಾಗ ನಗ್ತೀವಲ್ಲ, ಆ ಥರದ್ದು. "ಅಜ್ಜಿ, ನಮಗೆ ಒಂದಡಿ ಅಂತಲೇ ಇರೋದು" ಅಂದರು. ಗೌಡರು "ನಿನ್ ಕೆಲಸ ನೀನ್ ನೋಡು" ಅಂದರು. ಎಳನೀರು ಬಂತು. ಹೆಂಗಸರು ಗುಂಡಿ ಮುಚ್ಚಿದರು.

ಕಚೇರಿಗೆ ಬಂದು ವರದಿ ಟೈಪ್ ಮಾಡಿದವನು ನಾನು. "ಗೊಣ್ಣೆ ಹುಳುವಿನ ಬಾಧೆ: ನಗಣ್ಯ."

ಚಿಕ್ಕವ್ವ ಹೇಳಿದ್ದು ಎರಡೂ ನಿಜ. ಬೆನ್ನ ಮೇಲೆ ತೆವಳೋದು ಹೂದುಂಬಿ ಗುಂಪಿನ ಮರಿಗಳ ಗುರುತು, ಹೆಚ್ಚಾಗಿ ಕೊಳೆತ ಗೊಬ್ಬರ ತಿಂದು ಬದುಕೋವು. ಹುಳ ಗುರುತಿಸೋ ಪಾಠಗಳಲ್ಲೇ ಅದು ಇದೆ. ಡಿಸೆಂಬರಿಗೆ ಬೇರು ಹುಳ ಕೋಶವೋ ದುಂಬಿಯೋ ಆಗಿ ಆಳಕ್ಕೆ ಹೋಗಿರುತ್ತೆ ಅನ್ನೋದೂ ಪಾಠದಲ್ಲೇ ಇದೆ. ಆಮೇಲೆ ಓದಿ ತಿಳಿದುಕೊಂಡೆ. ಅವಳು ಓದಿಲ್ಲ. ನಲವತ್ತು ವರ್ಷ ಮಣ್ಣಲ್ಲಿ ಕೈ ಆಡಿಸಿದ್ದಾಳೆ, ಅಷ್ಟೇ. ಅಂದರೆ ಆ ದಿನ ಆ ಹೊಲದಲ್ಲಿ ಸರಿಯಾದ ಸರ್ವೆ ಮಾಡಿದ್ದವಳು ಒಬ್ಬಳೇ, ಅವಳ ಮಾತು ಮಾತ್ರ ನಮೂನೆಗೆ ಹೋಗಲಿಲ್ಲ. ಹೋಗೋಕೆ ಜಾಗವೇ ಇರಲಿಲ್ಲ. ನಮೂನೆಯಲ್ಲಿ ರೈತನ ಹೆಸರು ಇತ್ತು, ಸರ್ವೆ ನಂಬರ್ ಇತ್ತು, ವಿಸ್ತೀರ್ಣ, ಬೆಳೆ, ತಳಿ, ಪರಿಶೀಲಿಸಿದ ಅಧಿಕಾರಿಯ ಸಹಿ ಎಲ್ಲ ಇತ್ತು. ಗುಂಡಿ ತೋಡಿದವಳಿಗೆ ಒಂದು ಕಾಲಂ ಇರಲಿಲ್ಲ. ಅವಳ ಅವತ್ತಿನ ಕೂಲಿ ಕೂಡ ಸರ್ಕಾರ ಕೊಟ್ಟಿದ್ದಲ್ಲ, ಗೌಡರ ಲೆಕ್ಕ.

ಇದು ಹೊಸದೇನಲ್ಲ. ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಸಂಪುಟಗಳನ್ನು ತೆಗೆದು ನೋಡಿ. ಮೈಸೂರು ಸೀಮೆಯಲ್ಲಿ ಊರಿನ ಗಡಿ ಜಗಳ ಬಂದರೆ ಹೊಲೆಯರ ಕುಳವಾಡಿಯನ್ನು ಕರೆಯುತ್ತಿದ್ದರು. ಊರ ಮಣ್ಣಿನ ಉಂಡೆ ಹೊತ್ತು ಅವನು ನಡೆದ ದಾರಿಯೇ ಗಡಿ. ತಪ್ಪಿ ನಡೆದರೆ ಉಂಡೆ ತಾನೇ ಒಡೆಯುತ್ತೆ, ಹದಿನೈದು ದಿನದಲ್ಲಿ ಕುಳವಾಡಿ ಸಾಯ್ತಾನೆ ಅಂತ ನಂಬಿಕೆ. ಅಂದರೆ ಊರ ಮಣ್ಣಿನ ಲೆಕ್ಕ ಯಾರಿಗೆ ಗೊತ್ತು ಅನ್ನೋದು ಊರಿಗೆ ಚೆನ್ನಾಗಿ ಗೊತ್ತಿತ್ತು. ಲೆಕ್ಕ ತಪ್ಪಿದರೆ ಸಾಯಬೇಕಾದವನು ನಮ್ಮವನು, ಲೆಕ್ಕ ಸರಿಯಾದರೆ ಜಮೀನು ಅವರದು. ನನ್ನ ಚಿಕ್ಕವ್ವನ ಕೈಯಲ್ಲಿದ್ದ ಒಂದಡಿ ಮಣ್ಣು ಅದೇ ಉಂಡೆ ಅಂತ ನನಗೆ ಅನ್ನಿಸುತ್ತೆ.

"ನಗಣ್ಯ" ಅನ್ನೋ ಆ ಒಂದು ಪದದ ಕತೆ ಮುಂದಕ್ಕಿದೆ.

ಬಾಧೆ ಇಲ್ಲ ಅಂತ ವರದಿ ಹೋದ ಮೇಲೆ ಆ ಊರಿಗೆ ಏನೂ ಬರಲಿಲ್ಲ. ಮುಂಗಾರಿಗೆ ದುಂಬಿ ಹಿಡಿಯೋ ಆಂದೋಲನ ಇಲ್ಲ. ಹುಳಕ್ಕೆ ರೋಗ ತರುವ ಮೆಟಾರೈಜಿಯಂ ಅನ್ನೋ ಹಸಿರು ಶಿಲೀಂಧ್ರ ಇದೆ, ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿ ಹಾಕೋದು, ಅದು ಬರಲಿಲ್ಲ. ಹುಳದೊಳಗೆ ಹೊಕ್ಕು ಅದನ್ನು ಕೊಲ್ಲುವ ಸೂಕ್ಷ್ಮ ಜಂತುಗಳನ್ನು ಪುಡಿ ರೂಪದಲ್ಲಿ ಕೊಡುವ ತಂತ್ರ ನಮ್ಮ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲೇ ಸಿದ್ಧವಾಗಿದೆ. ಆ ಊರಿನವರಿಗೆ ಅದರ ಹೆಸರೂ ಗೊತ್ತಿಲ್ಲ. ಮುಂದಿನ ಆಗಸ್ಟಿನಲ್ಲಿ ಕಬ್ಬು ಮತ್ತೆ ಒರಗಿತು. ಗೌಡರು ಪೇಟೆಯ ಅಂಗಡಿಯಿಂದ ಸಾಲಕ್ಕೆ ಗುಳಿಗೆ ವಿಷ ತಂದರು. ಹಾಕಿದವರು ಯಾರು? ಅದೇ ನಾಲ್ಕು ಜನ ಹೆಂಗಸರು. ಮರಳಿಗೆ ಬೆರೆಸಿ, ಮಡಿಲಲ್ಲಿ ಕಟ್ಟಿಕೊಂಡು, ಬರಿಗೈಯಲ್ಲಿ ಸಾಲಿಗೆ ಎರಚಿದರು. ಕೈಗವಸು ಅನ್ನೋದನ್ನು ಆಸ್ಪತ್ರೇಲಿ ನರ್ಸಮ್ಮ ಹಾಕಿದ್ದು ನೋಡಿದ್ದಾರೆ ಅಷ್ಟೇ.

ಸಂಜೆ ಅವರಲ್ಲೊಬ್ಬಳಿಗೆ ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜು. ಕೇರಿಯವರು ದೇವರು ಬಂತು ಅಂದುಕೊಂಡರು. ಆಸ್ಪತ್ರೆಗೆ ಸಾಗಿಸೋ ಹೊತ್ತಿಗೆ ಕಣ್ಣಿನ ಪಾಪೆ ಚುಕ್ಕಿಯಷ್ಟಾಗಿತ್ತು. ಡಾಕ್ಟರು ನೋಡಿದ ಕೂಡಲೇ ಗುರುತು ಹಿಡಿದು ಅಟ್ರೋಪಿನ್ ಕೊಟ್ಟರು, ಬದುಕಿದಳು. "ಏನು ಔಷಧಿ ಹಾಕಿದ್ರಿ?" ಅಂತ ಡಾಕ್ಟರು ಕೇಳಿದರೆ ಅವಳಿಗೆ ಹೆಸರು ಗೊತ್ತಿಲ್ಲ. ಚೀಲ ಗೌಡರ ಮನೇಲಿ. ಗೌಡರು ಫೋನ್ ಎತ್ತಲಿಲ್ಲ.

ಗಮನಿಸಿ, "ಔಷಧಿ" ಅಂತೀವಿ ನಾವು. ವಿಷಕ್ಕೆ ಔಷಧಿ ಅಂತ ಹೆಸರಿಟ್ಟ ದಿನವೇ ಅರ್ಧ ಹೆಣ ಬಿತ್ತು.

ಈ ಬೇರು ಹುಳಕ್ಕೆ ವರ್ಷಗಟ್ಟಲೆ ಸುರಿದಿದ್ದು ಫೋರೇಟ್ ಗುಳಿಗೆ. ಚೀಲದ ಮೇಲೆ ಕೆಂಪು ತ್ರಿಕೋನ ಇರ್ತಿತ್ತು. ಕೆಂಪು ಅಂದರೆ ಅತ್ಯಂತ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಕೇಂದ್ರ ಸರ್ಕಾರ 2018ರಲ್ಲಿ ಆದೇಶ ಹೊರಡಿಸಿ, 2020ರ ಡಿಸೆಂಬರ್ 31ರಿಂದ ಅದನ್ನು ನಿಷೇಧಿಸಿತು. ಅಷ್ಟು ವರ್ಷ ಅದನ್ನು ಎರಚಿದ ಕೈಗಳನ್ನು ಯಾರಾದರೂ ಸರ್ವೆ ಮಾಡಿದ್ರಾ? 1968ರಲ್ಲಿ ಕೀಟನಾಶಕ ಕಾಯ್ದೆ ಬಂತು, 1971ರಲ್ಲಿ ನಿಯಮ ಬಂತು. ರಕ್ಷಣಾ ಉಡುಪು ಕೊಡಬೇಕು ಅಂತ ನಿಯಮಗಳಲ್ಲಿದೆ, ಪ್ರಾದೇಶಿಕ ಭಾಷೆಯಲ್ಲೂ ಚೀಟಿ ಇರಬೇಕು ಅಂತ ಇದೆ. ಇದೆ ಸ್ವಾಮಿ, ಕನ್ನಡದಲ್ಲಿದೆ. ಅಕ್ಷರ ಸಾಸಿವೆ ಕಾಳಿಗಿಂತ ಸಣ್ಣ, ಆ ಚೀಟಿ ಅಂಗಡಿಯಲ್ಲೋ ಮಾಲೀಕನ ಹಿತ್ತಲಲ್ಲೋ ಬಿದ್ದಿರುತ್ತೆ. ಹೊಲಕ್ಕೆ ಬರೋದು ಮಂಕರಿಯಲ್ಲಿ ಸುರಿದ ಗುಳಿಗೆ ಮಾತ್ರ.

ಇನ್ನು ಚಿಕ್ಕವ್ವನ ಸ್ವಂತ ಹೊಲದ ಮಾತು. ಕಾಲುವೆ ಮೇಲಿನ ತಿಟ್ಟಿನಲ್ಲಿ ಅವಳಿಗೆ ಅರ್ಧ ಎಕರೆ ಇದೆ, ಬಗರ್ ಹುಕುಂ. ನಮೂನೆ 53ರಲ್ಲಿ ಚಿಕ್ಕಪ್ಪ ಅರ್ಜಿ ಹಾಕಿದ, ಅವನು ತೀರಿಕೊಂಡ, ಆಮೇಲೆ ನಮೂನೆ 57ರಲ್ಲಿ ಅವಳು ಹಾಕಿದಳು. ಅರ್ಜಿ ಇನ್ನೂ ಜೀವಂತ ಇದೆ. ಅಲ್ಲಿ ಹಾಕಿದ ಕಡಲೆಕಾಯಿ ಆ ವರ್ಷ ಅರ್ಧಕ್ಕರ್ಧ ಒಣಗಿತು, ಅದೇ ಹುಳ. ಗೌಡರ ಕಬ್ಬಿನ ಬದುವಿಗೂ ಅವಳ ಹೊಲಕ್ಕೂ ಮಧ್ಯೆ ಒಂದು ಗಾಡಿ ದಾರಿ. ಹುಳಕ್ಕೆ ಪಹಣಿ ಓದೋಕೆ ಬರಲ್ಲ, ದಾಟಿ ಬಂತು. ಸರ್ವೆ ತಂಡಕ್ಕೆ ಪಹಣಿ ಓದೋಕೆ ಬರುತ್ತೆ, ದಾಟಿ ಬರಲಿಲ್ಲ. ಪಹಣಿ ಇಲ್ಲದಿದ್ದರೆ ಫ್ರೂಟ್ಸ್ ಐಡಿ ಇಲ್ಲ, ಐಡಿ ಇಲ್ಲದಿದ್ದರೆ ರೈತ ಸಂಪರ್ಕ ಕೇಂದ್ರದ ಸಹಾಯಧನ ಇಲ್ಲ. 2011ರ ಜನಗಣತಿ ಪ್ರಕಾರ ನಮ್ಮ ರಾಜ್ಯದ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಶೇ 17ಕ್ಕೂ ಹೆಚ್ಚು. ಪಹಣಿ ನೋಡಿ ಆರಿಸಿದ ಸರ್ವೆ ಇವರಲ್ಲಿ ಎಷ್ಟು ಜನರ ಹೊಲಕ್ಕೆ ಹೋಗುತ್ತೆ? ಹೋಗದ ಹೊಲದ ಹುಳ ಲೆಕ್ಕಕ್ಕಿಲ್ಲ. ಲೆಕ್ಕಕ್ಕಿಲ್ಲದ ಹುಳ ಮುಂದಿನ ಮುಂಗಾರಿಗೆ ದುಂಬಿಯಾಗಿ ಗೌಡರ ಹೊಲಕ್ಕೂ ಹಾರುತ್ತೆ. ನಮ್ಮನ್ನು ಬಿಟ್ಟು ಮಾಡಿದ ಸರ್ವೆಯಿಂದ ಅವರಿಗೂ ಉಪಯೋಗ ಇಲ್ಲ, ಇಷ್ಟು ಸರಳ ಲೆಕ್ಕ ಅರ್ಥ ಆಗಲ್ವಾ?

ದುಂಬಿ ಹಿಡಿಯೋ ಕೆಲಸವನ್ನೇ ತಗೊಳ್ಳಿ. ಮೊದಲ ಮಳೆ ಬಿದ್ದ ಸಂಜೆ, ಊರಿನ ಅಷ್ಟೂ ಬೇವಿನ ಮರದ ಕೊಂಬೆ ಅಲುಗಿಸಿ, ಬಿದ್ದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಬೇಕು. ಒಂದು ಹೆಣ್ಣು ದುಂಬಿ ಸತ್ತರೆ ಅದರ ಮೊಟ್ಟೆಗಳೂ ಹೋದವು, ವಿಷವೇ ಬೇಡ. ಒಬ್ಬರು ಮಾಡಿದರೆ ಉಪಯೋಗ ಇಲ್ಲ, ಇಡೀ ಊರು ಒಂದೇ ಹೊತ್ತಿಗೆ ಮಾಡಬೇಕು. ಈಗ ಹೇಳಿ, ಊರ ದೊಡ್ಡ ಬೇವಿನ ಮರ ಎಲ್ಲಿದೆ? ಗುಡಿ ಮುಂದಿನ ಕಟ್ಟೆ ಮೇಲೆ. ಆ ಕಟ್ಟೆ ಹತ್ತಿ ಕೊಂಬೆ ಅಲ್ಲಾಡಿಸೋಕೆ ನಮ್ಮ ಕೇರಿ ಹುಡುಗರನ್ನು ಬಿಡ್ತೀರಾ? ಬಿಡಲ್ಲ ಅಂದರೆ ಆ ಮರದ ದುಂಬಿ ಎಲ್ಲರ ಹೊಲಕ್ಕೂ ಇಳಿಯುತ್ತೆ. ಸಹೋದ್ಯೋಗಿಗಳೇ, ಹುಳದಲ್ಲಿ ಜಾತಿ ಹುಡುಕ್ತಿರೋದು ಯಾರು?

ಇನ್ನೊಂದು ಗುಂಪಿಗೂ ನಾಲ್ಕು ಮಾತು ಹೇಳಬೇಕು. ನನ್ನ ಮಾತು ಕೇಳಿದ ಕೂಡಲೇ "ಎಂಥಾ ಪಾರಂಪರಿಕ ಜ್ಞಾನ! ನಮ್ಮ ಹಳ್ಳಿ ತಾಯಂದಿರೇ ನಿಜವಾದ ವಿಜ್ಞಾನಿಗಳು!" ಅಂತ ಚಪ್ಪಾಳೆ ಹೊಡೆಯೋರು. ಖಾದಿ ಜುಬ್ಬಾ, ವಾರಾಂತ್ಯದ ತೋಟ, ನೈಸರ್ಗಿಕ ಬೆಲ್ಲ. ದಯವಿಟ್ಟು ನನ್ನ ಚಿಕ್ಕವ್ವನನ್ನು ದೇವತೆ ಮಾಡಬೇಡಿ. ಅವಳಿಗೆ ಗೊತ್ತಿಲ್ಲದ್ದೂ ಇದೆ. ಬೇರು ತಿನ್ನೋ ಹುಳಗಳಲ್ಲೇ ಹಲವು ಜಾತಿ ಇವೆ, ಕೆಲವು ಒಂದೇ ವರ್ಷದಲ್ಲಿ ಬದುಕು ಮುಗಿಸ್ತವೆ, ಅಡಿಕೆ ತೋಟದ ಒಂದು ಜಾತಿಗೆ ಎರಡು ವರ್ಷ ಬೇಕು. ಬರಿಗಣ್ಣಿಗೆ ಎಲ್ಲ ಒಂದೇ ಥರ. ಹುಳದ ಹಿಂತುದಿಯ ಅಡಿಭಾಗದಲ್ಲಿ ಮುಳ್ಳು, ಕೂದಲು ಹೇಗೆ ಜೋಡಿಸಿವೆ ಅನ್ನೋದನ್ನು ಭೂತಗನ್ನಡಿಯಲ್ಲಿ ನೋಡಿ ಜಾತಿ ಗುರುತಿಸಬೇಕು, ತಲೆಯ ಅಗಲ ನೋಡಿ ಹಂತ ಹೇಳಬೇಕು. ಇದು ಕಲಿಯಬೇಕಾದ ವಿದ್ಯೆ. ಬಾಬಾಸಾಹೇಬರು ನಮಗೆ ಕಲಿಯಿರಿ ಅಂದಿದ್ದು ಸುಮ್ಮನೆ ಅಲ್ಲ. ಅವಳ ಜ್ಞಾನವನ್ನು ಹಾಡಿ ಹೊಗಳಿ ಅವಳನ್ನು ಗುಂಡಿಯಲ್ಲೇ ಬಿಡೋದು, ಅವಳ ಮಾತಿಗೆ ನಕ್ಕು ಗುಂಡಿಯಲ್ಲೇ ಬಿಡೋದು, ಎರಡರಲ್ಲೂ ಗುಂಡಿಯೊಳಗೆ ಇರೋದು ಅವಳೇ.

ನಮ್ಮ ಸಂಘಟನೆಗಳಿಗೂ ಬಿಡಲ್ಲ ನಾನು. ಭೂಮಿಗಾಗಿ ಹೋರಾಡಿದೆವು, ಸರಿ. 1978ರ ಪಿಟಿಸಿಎಲ್ ಕಾಯ್ದೆ ಉಳಿಸಿಕೊಳ್ಳೋಕೆ, 2023ರ ತಿದ್ದುಪಡಿ ತರಿಸೋಕೆ ಬೀದಿಗೆ ಬಂದೆವು, ಸರಿ. ಭೂಮಿ ಸಿಕ್ಕ ಮೇಲೆ ಅದರ ಬೇರಲ್ಲಿ ಏನಿದೆ ಅಂತ ಎಷ್ಟು ಸಭೆಯಲ್ಲಿ ಮಾತಾಡಿದ್ದೀವಿ? ಹೋರಾಡಿ ಪಡೆದ ಎರಡೆಕರೆಯ ಬೆಳೆಯನ್ನು ಎರಡು ವರ್ಷ ಹುಳ ತಿಂದರೆ ಮೂರನೇ ವರ್ಷ ಆ ಎರಡೆಕರೆ ಗುತ್ತಿಗೆಗೆ ಹೋಗುತ್ತೆ, ನಮ್ಮವರು ಅದೇ ಹೊಲದಲ್ಲಿ ಕೂಲಿಗೆ ಹೋಗ್ತಾರೆ. ಇದನ್ನು ನಾನು ಕಣ್ಣಾರೆ ನೋಡಿದ್ದೀನಿ. ಇದಕ್ಕೆ ಧರಣಿ ಕೂರೋಕೆ ಆಗಲ್ಲ ಅಂತ ಬಿಟ್ಟುಬಿಡೋದಾ?

ಕೇಳೋದು ಬಹಳ ಇಲ್ಲ. ಸರ್ವೆ ನಮೂನೆಯಲ್ಲಿ ಗುಂಡಿ ತೋಡಿದವರ ಹೆಸರು, ಅವರು ಹೇಳಿದ ಮಾತು ಎರಡಕ್ಕೂ ಕಾಲಂ ಬೇಕು, ಆ ದಿನದ ಕೂಲಿ ಇಲಾಖೆ ಕೊಡಬೇಕು. ಹುಳ ಮೇಲಿರೋ ಕಾಲಕ್ಕೆ ಸರ್ವೆ ಆಗಬೇಕು, ತಡವಾದರೆ ಆಳಕ್ಕೆ ತೋಡಬೇಕು, ಒಂದಡಿ ಅಂತ ಹಟ ಹಿಡಿಯಬಾರದು. ಪಹಣಿ ಇಲ್ಲದ ಸಾಗುವಳಿ ಹೊಲವೂ ಪಟ್ಟಿಗೆ ಬರಬೇಕು. ಪ್ರತಿ ಊರಲ್ಲೂ ಕೂಲಿ ಹೆಂಗಸರಲ್ಲೇ ಇಬ್ಬರಿಗೆ ಹುಳ ಗುರುತಿಸೋ ತರಬೇತಿ, ಭೂತಗನ್ನಡಿ, ಗೌರವಧನ ಕೊಡಲಿ. ದುಡ್ಡಿಲ್ಲ ಅನ್ನಬೇಡಿ. 2013ರಲ್ಲಿ ಎಸ್‌ಸಿಎಸ್‌ಪಿ, ಟಿಎಸ್‌ಪಿ ಕಾಯ್ದೆ ಮಾಡಿದ್ದು ಯಾರಿಗೋಸ್ಕರ? ವಿಷ ಮಾರೋ ಪ್ರತಿ ಚೀಲದ ಜೊತೆ ಕೈಗವಸು ಕಡ್ಡಾಯ ಆಗಲಿ. ಎರಚೋರ ಕೈಗೆ ಬರದ ಕೈಗವಸು ಲೆಕ್ಕಕ್ಕೆ ಬರಲ್ಲ.

ಕೊನೆಗೆ ನನ್ನ ಪಾಲಿನ ತಪ್ಪು. "ನಗಣ್ಯ" ಅಂತ ಟೈಪ್ ಮಾಡಿದ ಬೆರಳು ನನ್ನದು. ಅಡಿಯಲ್ಲಿ ಒಂದು ಷರಾ ಹಾಕಿ "ಆಳದಲ್ಲಿ ಹುಳು ಇರುವುದಾಗಿ ಸ್ಥಳದಲ್ಲಿದ್ದ ಕೂಲಿಯವರ ಹೇಳಿಕೆ" ಅಂತ ಬರೆದು ಸಹಿಗೆ ಇಡಬಹುದಿತ್ತು. ಸಾಹೇಬರು ಹೊಡೆದು ಹಾಕ್ತಿದ್ದರೋ ಏನೋ, ಕಡತದಲ್ಲಿ ಹೊಡೆದು ಹಾಕಿದ ಗುರುತಾದರೂ ಉಳೀತಿತ್ತು. ಬರೆಯಲಿಲ್ಲ. ಆಸ್ಪತ್ರೇಲಿ ಆ ಹೆಂಗಸನ್ನು ನೋಡೋಕೆ ಹೋದಾಗ ಚಿಕ್ಕವ್ವ ಅಲ್ಲೇ ಕೂತಿದ್ದಳು. "ಅವತ್ತು ನೀನಾರ ಬರ್ಕೊಬೋದಿತ್ತಲ್ಲ ಮಗ" ಅಂದಳು. ಬೈಯಲಿಲ್ಲ. ಬೈದಿದ್ದರೆ ಇಷ್ಟು ಉದ್ದದ ಪೋಸ್ಟು ಬರೀತಿರಲಿಲ್ಲವೇನೋ.

ಹೋದ ತಿಂಗಳು ಅವಳಿಗೊಂದು ಭೂತಗನ್ನಡಿ ತಂದುಕೊಟ್ಟೆ. ಒಂದು ಹುಳದ ಹಿಂತುದಿ ನೋಡಿ, ಬಹಳ ಹೊತ್ತು ಸುಮ್ಮನಿದ್ದು, "ಅಯ್ಯೋ, ಇದ್ಕೂ ಬೈತಲೆ ತಗ್ದವ್ರಲ್ಲೋ!" ಅಂದಳು. ಈಗ ಕೇರಿಯ ಹೆಣ್ಣುಮಕ್ಕಳೆಲ್ಲ ಅವಳ ಹಟ್ಟಿ ಮುಂದೆ ಸಾಲು ನಿಂತು ಹುಳ ನೋಡ್ತಿದ್ದಾರೆ.

ಈ ಸಲ ಮೊದಲ ಮಳೆ ಬಿದ್ದ ಸಂಜೆ ಕೇರಿಯ ಬೇವಿನ ಮರಗಳಿಂದ ಶುರು ಮಾಡ್ತೀವಿ, ಆಮೇಲೆ ಗುಡಿ ಕಟ್ಟೆ ಮೇಲಿನ ಮರ. ಊರಿನವರಿಗೆ ಮೊದಲೇ ಹೇಳಿ ಕಳಿಸಿದ್ದೀವಿ, ಉತ್ತರ ಬಂದಿಲ್ಲ. ಹತ್ತಿರ ಇರೋ ಗೆಳೆಯರು ಬನ್ನಿ. ಬ್ಯಾಟರಿ, ಹಳೇ ಬಕೆಟ್ಟು ತನ್ನಿ. ಸೀಮೆಎಣ್ಣೆ ಈಗೆಲ್ಲಿ ಸಿಗುತ್ತೆ, ಸೋಪಿನ ನೀರು ಕಲಸಿಡ್ತೀವಿ. ಮಳೆ ಬಿದ್ದ ದಿನವೇ ಇಲ್ಲಿ ತಿಳಿಸ್ತೀನಿ.

ಜೈ ಭೀಮ್.